ಬಿಸಿಲಲ್ಲೂ ಹೊದ್ದ ಕೌದಿ

"ಹಾರ್ಮೋನ್ ನಾರ್ಮಲ್ ಐತ್ರಿ, ಆದ್ರ ಆ್ಯಂಟಿಬಾಡಿ ಭಾಳ ಏರ್ಯಾವು," ಎಂದು ಇಚಲಕರಂಜಿಯ ಡಾಕ್ಟರ್ ನನ್ನ ಥೈರಾಯ್ಡ್ ರಿಪೋರ್ಟನ್ನು ಮೇಜಿನ ಮೇಲಿಟ್ಟರು. ದೇಹವೇ ತನ್ನ ಥೈರಾಯ್ಡ್ ಗ್ರಂಥಿಯನ್ನು ನಿಧಾನವಾಗಿ ಸವೆಸುತ್ತಿರಬಹುದು, ಆದರೂ ಗ್ರಂಥಿ ಇನ್ನೂ ಕೆಲಸ ಮಾಡುತ್ತಿದೆ, ಸದ್ಯಕ್ಕೆ ಗುಳಿಗೆ ಬೇಡ, ಆಗಾಗ ರಕ್ತ ಪರೀಕ್ಷಿಸಿದರೆ ಸಾಕು, ಮುಂದೆ ಗ್ರಂಥಿ ಸೋತರೆ ಸುಸ್ತು, ಬಿಸಿಲಲ್ಲೂ ಚಳಿ ಶುರುವಾಗಬಹುದು ಎಂದರು. ಪವರ್‌ಲೂಮಿನಲ್ಲಿ ಇಪ್ಪತ್ತು ವರ್ಷ ದುಡಿದ ನನಗೆ ಅದು ಅರ್ಥವಾಯಿತು. ಮಗ್ಗದ ಮುಂದೆ ಬಟ್ಟೆ ಚೆನ್ನಾಗಿಯೇ ಇಳಿಯುತ್ತಿರುತ್ತದೆ. ಹಿಂದೆ ಉದ್ದಕ್ಕೆ ಬಿಗಿದ ಹಾಸಿನ ಎಳೆ ಸವೆಯುತ್ತಿರುವುದು, ಅಲ್ಲಿಗೆ ಹೋಗಿ ಮುಟ್ಟಿ ನೋಡಿದವರಿಗಷ್ಟೇ ಗೊತ್ತು.

"ನಿಮ್ಮ ಮನ್ಯಾಗ ಯಾರಿಗರ ಥೈರಾಯ್ಡ್ ಇತ್ತೇನ್ರಿ?" ಎಂದು ಅವರು ಕೇಳಿದರು.

ನನ್ನ ಅವ್ವ ಮೇ ತಿಂಗಳ ಬಿಸಿಲಲ್ಲೂ ಚಳಿ ಎಂದು ಕೌದಿ ಹೊದ್ದು ಮಲಗುತ್ತಿದ್ದಳು. ಅವಳ ರಕ್ತವನ್ನು ಒಮ್ಮೆಯೂ ಪರೀಕ್ಷಿಸಲಿಲ್ಲ. "ಏಳಬೇ, ಎಷ್ಟ್ ಸೋಗು ಮಾಡ್ತಿ," ಎಂದು ಆ ಕೌದಿ ಎಳೆದವಳು ನಾನೇ.

"ಗೊತ್ತಿಲ್ರಿ," ಎಂದೆ.

ಅವ್ವ ಹೋಗಿ ಒಂಬತ್ತು ವರ್ಷವಾಯಿತು. ಅಂದು ಮನೆಗೆ ಬಂದು ಟ್ರಂಕಿನಿಂದ ಆ ಕೌದಿ ತೆಗೆದು ಬಹಳ ಹೊತ್ತು ಮಡಿಲಲ್ಲಿಟ್ಟುಕೊಂಡು ಕುಳಿತೆ. ಒಂದೇ ಒಂದು ಸಲ ಅದನ್ನು ಅವಳ ಕೊರಳವರೆಗೆ ಹೊದಿಸುವ ಆಸೆ.