ಸತ್ವಾದಿಂದ ಬನಿಯಾಸ್‌ವರೆಗಿನ ಒಕ್ಕೂಟ

ಮಂಜು ಕವಿದ ಬೆಳಗಿನಲ್ಲಿ ಹಿಂದಿನಿಂದ ಬಂದ ಟ್ರಕ್ಕು ನಮ್ಮ ಕಾರಿಗೆ ಗುದ್ದಬಹುದಿತ್ತು. ತಂತಿಬೇಲಿ ಹರಿದಲ್ಲಿ ನುಸುಳಿ ಒಂದು ಒಂಟೆ ರಸ್ತೆಗೆ ಬರಬಹುದಿತ್ತು. ಆಗಸ್ಟ್ ತಿಂಗಳಲ್ಲಿ ಕಾದ ಡಾಂಬರಿನ ಮೇಲೆ ಟಯರು ಸಿಡಿಯಬಹುದಿತ್ತು. ಪೊಲೀಸರು ತಡೆದು, ಪರವಾನಗಿಯಿಲ್ಲದೆ ಬಾಡಿಗೆ ಓಡಿಸುತ್ತಿದ್ದೀಯಾ ಎಂದು ಕೇಳಬಹುದಿತ್ತು. ಶೆಟ್ಟರ ರಕ್ತದೊತ್ತಡ ಏರಬಹುದಿತ್ತು, ಮೀರಾನ್ ಭಾಯ್ ಅವರ ಸಕ್ಕರೆ ಇಳಿಯಬಹುದಿತ್ತು. ಎರಡೂ ಒಟ್ಟಿಗೇ ಆದರೆ ಆಸ್ಪತ್ರೆಯ ಬಾಗಿಲಲ್ಲಿ ಯಾರನ್ನು ಮೊದಲು ಇಳಿಸಬೇಕು ಎಂಬುದನ್ನೂ ನಾನು ಯೋಚಿಸಿಟ್ಟಿದ್ದೆ. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟರೆ ಲಂಡನ್ನಿನಲ್ಲಿರುವ ನಮ್ಮ ಹೆಡ್ಡಾಫೀಸು ಮುಚ್ಚಿ, ನನ್ನ ಕೆಲಸ ಹೋಗಿ, ವೀಸಾ ರದ್ದಾಗಿ, ಮಗಳ ಶಾಲೆ ವರ್ಷದ ನಡುವೆ ನಿಂತುಹೋಗಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಒಂಬತ್ತು ವರ್ಷ ದಿನಕ್ಕೆರಡು ಸಲ ಇಂಥವನ್ನೇ ನೆನೆದು ಹೆದರಿದ ನನಗೆ, ನಿಜವಾಗಿ ಆದದ್ದಕ್ಕೆ ಹೆದರಬೇಕು ಎಂದು ಹೊಳೆಯಲೇ ಇಲ್ಲ.

ನಾವು ಮೂವರು ದುಬೈಯಲ್ಲಿದ್ದು ಅಬುಧಾಬಿಯಲ್ಲಿ ದುಡಿಯುವವರು. ಮೀರಾನ್ ಭಾಯ್ ಭಟ್ಕಳದವರು, ಸತ್ವಾದಲ್ಲಿ ನನ್ನ ಕಟ್ಟಡದ ಕೆಳಗಿನ ಮಹಡಿಯಲ್ಲೇ ಮನೆ. ಅಬುಧಾಬಿಯ ಅಂಚಿನ ಬನಿಯಾಸ್‌ನಲ್ಲಿರುವ ಅವರ ಮನೆತನದ ಪಾತ್ರೆ ಅಂಗಡಿಯನ್ನು ನೋಡಿಕೊಳ್ಳುವವರು. ಶೇಖರ ಶೆಟ್ಟರು ಕಾರ್ಕಳದ ಕಡೆಯವರು, ಬರ್ಶಾದಲ್ಲಿ ವಾಸ, ಕೆಲಸ ಅಲ್ ರೀಮ್ ಐಲ್ಯಾಂಡಿನ ಒಂದು ಕಟ್ಟಡ ಕಂಪನಿಯಲ್ಲಿ. ಪಕ್ಕದ ಟವರಿನಲ್ಲಿ ನನ್ನ ಆಫೀಸು. ಕಾರು ನನ್ನದೇ. ಅದು ನನ್ನ ಔದಾರ್ಯವೆಂದು ಭಾವಿಸಬೇಡಿ. ಇನ್ನೊಬ್ಬರು ಓಡಿಸುವ ಕಾರಿನಲ್ಲಿ ಕೂತರೆ ನನ್ನ ಬಲಗಾಲು ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ತುಳಿಯುತ್ತಿರುತ್ತದೆ. ಬಾಡಿಗೆಯ ಆರೋಪ ಬರದಿರಲೆಂದು ಅವರಿಂದ ಪೆಟ್ರೋಲಿಗೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬದಲಿಗೆ ಮೀರಾನ್ ಭಾಯ್ ಮನೆಯಿಂದ ಫ್ಲಾಸ್ಕಿನಲ್ಲಿ ಲಿಂಬೆ ಹಿಂಡಿದ ಸುಲೈಮಾನಿ ಚಹಾ ಬರುತ್ತಿತ್ತು, ಶೆಟ್ಟರ ಮನೆಯಿಂದ ಗೋಳಿಬಜೆ. ತಿಂಡಿಯೂ ಬಾಡಿಗೆಯ ಲೆಕ್ಕಕ್ಕೆ ಬರುತ್ತದೆಯೇ ಎಂದು ನಾನು ಕೆಲವು ದಿನ ಚಿಂತಿಸಿದ್ದುಂಟು, ತಿನ್ನುತ್ತಲೇ.

ಪೊಲೀಸರು ಇಂಥ ಕಾರುಗಳನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಬೇರೆ ಕರೆದು, ಡ್ರೈವರನ ಹೆಸರೇನು, ಹೆಂಡತಿಯ ಹೆಸರೇನು ಎಂದು ಕೇಳುತ್ತಾರೆ, ತಡವರಿಸಿದರೆ ಮುಗಿಯಿತು ಎಂದು ಯಾರೋ ನನಗೆ ಹೇಳಿದ್ದರು. ಅಂದಿನಿಂದ ನಾನು ಪ್ರತಿ ಭಾನುವಾರ, ಅಂದರೆ ಇಲ್ಲಿನ ವಾರದ ಮೊದಲ ದಿನ, ಕಾರಿನಲ್ಲಿ ಪರೀಕ್ಷೆ ಇಟ್ಟೆ.

"ಶೆಟ್ರೇ, ಮೀರಾನ್ ಭಾಯ್ ಅವರ ದೊಡ್ಡ ಮಗಳು?"

"ಸಫಿಯಾ. ಬರ್ಮಿಂಗ್‌ಹ್ಯಾಮ್. ಗಂಡನಿಗೆ ಟೈಲ್ಸ್ ವ್ಯಾಪಾರ. ಇನ್ನು ಅವರ ಬೆಕ್ಕಿನ ಹೆಸರೂ ಬೇಕಾ ಮಾರಾಯ್ರೆ?"

ಬೇಕಿತ್ತು. ಪಠ್ಯ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಶೆಟ್ಟರ ಹೆಂಡತಿಗೆ ಯಾವ ಮೊಣಕಾಲು ನೋವು, ಮೀರಾನ್ ಭಾಯ್ ಅವರ ಅತ್ತೆಗೆ ಯಾವ ಕಣ್ಣಿನ ಆಪರೇಶನ್ ಆಯಿತು, ನನ್ನ ಮಗಳು ಯಾವ ವಿಷಯದಲ್ಲಿ ಫೇಲಾದಳು, ಎಲ್ಲವೂ ಮೂವರಿಗೂ ಬಾಯಿಪಾಠ. ಒಂದೇ ಒಂದು ಸಲ ನಿಜವಾಗಿ ಪೊಲೀಸರು ನಮ್ಮನ್ನು ನಿಲ್ಲಿಸಿದರು. ಎಳೆಯ ಮುಖದ ಪೊಲೀಸನು ಕಿಟಕಿಯಿಂದ ಬಗ್ಗಿ ನೋಡಿದ್ದೇ ತಡ, ಅವನು ಬಾಯಿ ತೆರೆಯುವ ಮೊದಲೇ ಮೂವರೂ "ಸದೀಕ್! ಸದೀಕ್!" ಎಂದು ಒಬ್ಬರ ಭುಜ ಒಬ್ಬರು ತಟ್ಟಿಕೊಂಡೆವು. ಗೆಳೆಯರೆಂಬುದಕ್ಕೆ ಅರಬ್ಬಿಯಲ್ಲಿ ನಮಗೆ ಗೊತ್ತಿದ್ದದ್ದು ಅದೊಂದೇ. ಅವನು ಹಿಂದಿನ ಟಯರನ್ನು ತೋರಿಸಿ, ಗಾಳಿ ಕಡಿಮೆ ಇದೆ ಎಂದು ಕೈಸನ್ನೆ ಮಾಡಿ, "ಯಲ್ಲಾ" ಎಂದು ಕಳಿಸಿಬಿಟ್ಟ. ಇಷ್ಟು ಓದಿ ಪರೀಕ್ಷೆಯೇ ನಡೆಯಲಿಲ್ಲವಲ್ಲ ಎಂದು ಶೆಟ್ಟರಿಗೆ ನಿಜಕ್ಕೂ ಬೇಸರವಾಯಿತು.

ಇಂಥ ಕಾರಿನೊಳಕ್ಕೆ ಬ್ರಿಟನ್ ಬಂದು ಕೂತದ್ದು ಅಲ್ಲಿನವರು ಯುರೋಪಿನ ಒಕ್ಕೂಟದಿಂದ ಹೊರಬರುತ್ತೇವೆಂದು ವೋಟು ಹಾಕಿದ ಮೇಲೆ. ಕಾರ್ಕಳದವರಿಗೂ ಭಟ್ಕಳದವರಿಗೂ ಅದರಿಂದ ಆಗಬೇಕಾದದ್ದೇನು ಎಂದು ನೀವು ಕೇಳಬಹುದು. ಆಗಬೇಕಾದದ್ದು ಇತ್ತು. ಶೆಟ್ಟರ ಅಕ್ಕನ ಮಗ ಪ್ರಜ್ವಲ್ ಮಂಗಳೂರಿನ ಹೋಟೆಲೊಂದರಲ್ಲಿ ಅಡುಗೆಯವನು. ಯುರೋಪಿನವರು ಅಲ್ಲಿಂದ ತೆರಳಿದರೆ ಅಡುಗೆಮನೆಗಳಲ್ಲಿ ಜಾಗ ತೆರವಾಗುತ್ತದೆ, ಆಗ ನಮ್ಮವರಿಗೆ ವೀಸಾ ಸಿಗುತ್ತದೆ ಎಂದು ಅವನಿಗೆ ಯಾರೋ ಆಸೆ ಹುಟ್ಟಿಸಿದ್ದರು. ಅಳಿಯನಿಗೆ ದಾರಿ ತೋರುವುದು ಸೋದರಮಾವನ ಕೆಲಸವಾದ್ದರಿಂದ ಶೆಟ್ಟರು ಬ್ರಿಟನ್ ನಾಳೆಯೇ ಹೊರಬರಲಿ ಎಂಬ ಪಕ್ಷ. ಸಫಿಯಾಳ ಗಂಡನಿಗೆ ಟೈಲ್ಸ್ ಬರುವುದು ಸ್ಪೇನಿನಿಂದ. ನಡುವೆ ಗಡಿ ಬಿದ್ದರೆ ಬಂದರಿನಲ್ಲಿ ಕಾಗದಪತ್ರ, ತಪಾಸಣೆ, ತಡ. ಸಣ್ಣ ಅಂಗಡಿ ಎಷ್ಟು ದಿನ ತಾಳೀತು? ಹಾಗಾಗಿ ಮೀರಾನ್ ಭಾಯ್ ಒಕ್ಕೂಟದ ಪಕ್ಷ.

"ಅವರ ಮನೆ ಮಾರಾಯ್ರೆ, ಅವರಿಗೆ ಒಟ್ಟಿಗೆ ಇರ್ಲಿಕ್ಕೆ ಬೇಡ ಅಂದ್ರೆ ಬೇಡ. ಖಲಾಸ್," ಎನ್ನುವರು ಶೆಟ್ಟರು.

"ಅರೇ ಶೆಟ್ರೇ, ಮನೆ ಬಿಟ್ಟು ಹೊರಟವರು ಮೊದ್ಲು ಬಾಗಿಲು ಎಲ್ಲುಂಟು ಅಂತ ನೋಡ್ಕೊಳ್ಬೇಕಲ್ಲ? ಎರಡು ವರ್ಷದಿಂದ ಚಪ್ಪಲಿ ಹಾಕ್ಕೊಂಡು ಒಳಗೇ ತಿರುಗ್ತಿದ್ದಾರೆ!"

ಇದು ಕಾರಿನ ಮಾತು ಮಾತ್ರವಲ್ಲ. ನನ್ನ ಆಫೀಸಿನಲ್ಲಿ ಹತ್ತು ವರ್ಷ ಒಂದೇ ಕೆಟಲಿನಿಂದ ಚಹಾ ಕುಡಿದ ಇಬ್ಬರು ಇಂಗ್ಲಿಷರು ಎರಡು ಕೆಟಲು ಇಟ್ಟುಕೊಂಡರು. ಟೀವಿಯಲ್ಲಿ ನೋಡಿದರೆ ಆ ದೇಶದ ಸಂಸತ್ತಿನಲ್ಲಿ ಹಸಿರು ಬೆಂಚುಗಳ ಮೇಲೆ ಒತ್ತಿಕೊಂಡು ಕೂತು ದಿನವೂ ಕೂಗಾಟ. ಹೊರಬರುವುದಕ್ಕೆ ಒಪ್ಪಿದವರೂ ಹೇಗೆ ಹೊರಬರುವುದೆಂಬುದನ್ನು ಒಪ್ಪುತ್ತಿರಲಿಲ್ಲ. ಎಲ್ಲಕ್ಕಿಂತ ಅರ್ಥವಾಗದ್ದು ಐರ್ಲೆಂಡಿನ ಗಡಿಯ ಪ್ರಶ್ನೆ: ಆ ದ್ವೀಪದ ಒಂದು ತುಂಡು ಬ್ರಿಟನ್ನಿನದು, ಉಳಿದದ್ದು ಒಕ್ಕೂಟದಲ್ಲೇ ಇರುವ ಬೇರೆ ದೇಶ, ಆದರೂ ನಡುವೆ ಬೇಲಿ ಹಾಕುವಂತಿಲ್ಲ. ಪತ್ರಿಕೆಗಳಲ್ಲಿ ಅದರ ಬಗ್ಗೆ ಎಷ್ಟು ಓದಿದರೂ ನನ್ನ ತಲೆಗೆ ಹತ್ತಿರಲಿಲ್ಲ. ಹತ್ತಿಸಿದವರು ಶೆಟ್ಟರು.

ಅವರದು ಅಳಿಯಸಂತಾನದ ದೊಡ್ಡ ಕುಟುಂಬ. ಅವರ ಕುಟುಂಬ ಪಾಲಾದಾಗ ಗದ್ದೆ ಅಳೆದರು, ತೋಟ ಅಳೆದರು, ಹಂಡೆ ಕೊಪ್ಪರಿಗೆ ಎಣಿಸಿದರು, ಎಲ್ಲವೂ ಸುಸೂತ್ರ. ಕೊನೆಗೆ ಉಳಿದದ್ದು ದೈವದ ಕೋಣೆ. ಅದನ್ನು ಯಾರ ಪಾಲಿಗೆ ಹಾಕುವುದು? ಹಾಕುವಂತಿಲ್ಲ. ನಡುವೆ ಗೋಡೆ ಎಬ್ಬಿಸುವಂತೆಯೂ ಇಲ್ಲ. ಕೋರ್ಟಿನಲ್ಲಿ ಮುಖ ತಿರುಗಿಸಿಕೊಂಡವರೂ ವರ್ಷಕ್ಕೊಮ್ಮೆ ದೈವದ ಕೋಲದ ದಿನ ಅದೇ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಲೇಬೇಕು.

"ಐರ್ಲೆಂಡಿನದ್ದೂ ಹಾಗೇ. ಪಾಲು ಆಗ್ತದೆ, ಆದ್ರೆ ಆ ಕೋಣೆಗೆ ಗೋಡೆ ಕಟ್ಲಿಕ್ಕೆ ಆಗುದಿಲ್ಲ," ಎಂದರು ಶೆಟ್ಟರು.

ಮೀರಾನ್ ಭಾಯ್ ಚಹಾದ ಮುಚ್ಚಳ ತಿರುಗಿಸುತ್ತಾ, "ಮತ್ತೆ ಒಟ್ಟಿಗೇ ಬರ್ಬೇಕು ಅಂತಾದ್ರೆ ಬೇರೆ ಯಾಕೆ ಆದ್ರಿ?" ಎಂದು ಕೇಳಿದರು. ಶೆಟ್ಟರು, "ಅದು ನಮ್ಮ ದೊಡ್ಡಮಾವನನ್ನು ಕೇಳ್ಬೇಕು, ಅವರು ತೀರ್ಕೊಂಡ್ರು," ಎಂದರು. ಮೂವರೂ ನಕ್ಕೆವು. ಅಷ್ಟರಮಟ್ಟಿಗೆ ಅದು ಒಳ್ಳೆಯ ಜಗಳವಾಗಿತ್ತು. ಇಬ್ಬರೂ ಬೆಳಿಗ್ಗೆ ಸುದ್ದಿ ಓದಿಕೊಂಡು ತಯಾರಾಗಿಯೇ ಬರುತ್ತಿದ್ದರು.

ಕೆಟ್ಟದ್ದು ಇದ್ದದ್ದು ಚಾಲಕನ ಸೀಟಿನಲ್ಲಿ. ನನಗೆ ಜಗಳದ ಮೊದಲ ಸದ್ದು ಕೇಳಿದರೇ ಆಗುವುದಿಲ್ಲ. ಎದುರಿಗಿದ್ದವರು ಏನು ಹೇಳಿದರೂ "ಹೌದೌದು" ಎಂದುಬಿಡುವುದು ನನ್ನ ಹಳೆಯ ಮದ್ದು. ಮದುವೆಯಾದ ಹೊಸತರಲ್ಲಿ ಹೆಂಡತಿ ಇದನ್ನು ಸೌಜನ್ಯವೆಂದುಕೊಂಡಿದ್ದಳು. ಆಮೇಲೆ, ಅವಳಿಗೂ ಅವಳ ಅತ್ತೆಗೂ ಒಂದೇ ವಿಷಯದಲ್ಲಿ ಒಂದೇ ದಿನ ಹೌದೌದು ಎಂದಿರುವುದು ಪತ್ತೆಯಾಗಿ, ಬೇರೆ ಹೆಸರು ಕೊಟ್ಟಳು. ಮಗಳು ಮೊಬೈಲಿನಿಂದ ಕಣ್ಣೆತ್ತದೆ, "ಅಪ್ಪಾ, ಪಿಕ್ ಎ ಸೈಡ್," ಎನ್ನುತ್ತಾಳೆ.

ಭೂಗೋಳವೂ ನನ್ನನ್ನು ಕೆಡಿಸಿತು. ಬೆಳಿಗ್ಗೆ ಸತ್ವಾದಿಂದ ಬರ್ಶಾವರೆಗೆ ಕಾರಿನಲ್ಲಿ ನಾನು ಮತ್ತು ಮೀರಾನ್ ಭಾಯ್ ಇಬ್ಬರೇ. ಬರ್ಶಾದಲ್ಲಿ ಶೆಟ್ಟರು ಹತ್ತುತ್ತಾರೆ. ಬನಿಯಾಸ್‌ನಲ್ಲಿ ಮೀರಾನ್ ಭಾಯ್ ಇಳಿಯುತ್ತಾರೆ, ಅಲ್ಲಿಂದ ರೀಮ್ ಐಲ್ಯಾಂಡಿನವರೆಗೆ ನಾನು ಮತ್ತು ಶೆಟ್ಟರು. ಸಂಜೆ ಇದೇ ದಾರಿ ತಿರುಗುಮುರುಗು. ಹೀಗಾಗಿ ಸತ್ವಾದಿಂದ ಬರ್ಶಾದವರೆಗೆ ನಾನು ಬ್ರಿಟನ್ ಒಕ್ಕೂಟದಲ್ಲೇ ಇರಬೇಕೆಂಬವನು, ಬನಿಯಾಸ್‌ನಿಂದ ರೀಮ್‌ವರೆಗೆ ಹೊರಬರಲೇಬೇಕೆಂಬವನು, ನಡುವಿನ ನೂರು ಚಿಲ್ಲರೆ ಕಿಲೋಮೀಟರು ರಸ್ತೆಯ ಮೇಲೆ ಕಣ್ಣಿಟ್ಟ ಜವಾಬ್ದಾರಿಯ ಚಾಲಕ. ಮೂರು ವರ್ಷ ಈ ಏರ್ಪಾಡು ಯಾವ ಒಪ್ಪಂದಕ್ಕಿಂತಲೂ ಚೆನ್ನಾಗಿ ನಡೆಯಿತು.

ಒಂದು ಬೆಳಿಗ್ಗೆ, ಶೆಟ್ಟರು ಹತ್ತುವ ಮೊದಲು, ಮೀರಾನ್ ಭಾಯ್ ತಗ್ಗಿದ ದನಿಯಲ್ಲಿ ಒಂದು ಮಾತು ಹೇಳಿದರು. ಸಫಿಯಾ ಹಿಂದಿನ ದಿನ ಫೋನಿನಲ್ಲಿ ಅತ್ತಳಂತೆ. ಅಂಗಡಿ ಮುಚ್ಚಿದರೆ ಎಲ್ಲಿಗೆ ಹೋಗುವುದು ಎಂದಳಂತೆ. "ಬೇರೆ ಯಾರ ಹತ್ರ ಹೇಳ್ಲಿ ರಾಯರೇ? ಹೆದರಿಕೆ ಅಂದ್ರೆ ಎಂತ ಅಂತ ನಿಮಗೆ ಗೊತ್ತುಂಟು," ಎಂದರು. ನನ್ನ ಈ ಗುಣಕ್ಕೆ ಅಷ್ಟು ಮರ್ಯಾದೆ ಅದಕ್ಕೆ ಮೊದಲು ಯಾರೂ ಕೊಟ್ಟಿರಲಿಲ್ಲ. ನಾನು ಮನಸಾರೆ ಹೌದೌದು ಎಂದೆ.

ಅದೇ ದಿನ ಬನಿಯಾಸ್ ದಾಟಿದ ಮೇಲೆ ಶೆಟ್ಟರು, "ಮೀರಾನ್ ಭಾಯ್ ಮುಖ ಯಾಕೋ ಸಪ್ಪೆ ಉಂಟಲ್ಲ?" ಎಂದು ಕೇಳಿದರು. ಮಗಳ ವಿಷಯ ಹೇಳಬಾರದೆಂಬಷ್ಟು ವಿವೇಕ ನನಗಿತ್ತು. ಆದರೆ ಸುಮ್ಮನಿರಬೇಕೆಂಬಷ್ಟು ಇರಲಿಲ್ಲ. ಶೆಟ್ಟರಿಗೆ ಹಿತವಾಗುವಂತೆ, "ಅವರು ಸುಮ್ಮನೆ ಹೆದರ್ತಾರೆ ಶೆಟ್ರೇ, ಎಂತದೂ ಆಗುದಿಲ್ಲ," ಎಂದುಬಿಟ್ಟೆ. ಸುಮ್ಮನೆ ಹೆದರುವುದನ್ನೇ ಕಸುಬು ಮಾಡಿಕೊಂಡ ನಾನು.

ಅಲ್ಲಿನ ಸಂಸತ್ತು ಒಪ್ಪಂದವನ್ನು ಎರಡನೆಯ ಸಲ ತಿರಸ್ಕರಿಸಿದ ಮರುದಿನ ಬೆಳಿಗ್ಗೆ ಇಬ್ಬರಿಗೂ ಬಿಸಿ ಏರಿತ್ತು. ಅಳಿಯನಿಗೆ ಇನ್ನೆಷ್ಟು ಕಾಯಲಿಕ್ಕೆ ಹೇಳುವುದು ಎಂದು ಶೆಟ್ಟರು; ಮಗಳು ಎಷ್ಟು ದಿನ ನಿದ್ದೆಗೆಡುವುದು ಎಂದು ಮೀರಾನ್ ಭಾಯ್. ಮಾತು ಮೇಲೇರುತ್ತಾ, "ರಾಯರೂ ನನ್ನ ಪಕ್ಷವೇ, ಕೇಳಿ ಬೇಕಾದ್ರೆ," ಎಂದರು ಮೀರಾನ್ ಭಾಯ್.

"ನಿಮ್ಮ ಪಕ್ಷವಾ?" ಶೆಟ್ಟರು ಗಟ್ಟಿಯಾಗಿ ನಕ್ಕರು. "ನೀವು ಸುಮ್ನೆ ಹೆದರ್ತೀರಿ ಅಂತ ನನ್ನ ಹತ್ರ ಹೇಳಿದ್ದೇ ಇವರು!"

"ಹೌದಾ ರಾಯರೇ?" ಎಂದರು ಮೀರಾನ್ ಭಾಯ್.

ಜೀವನದಲ್ಲಿ ಒಂದು ಸಲ ಆ 'ಹೌದೌದು' ನನ್ನ ಬಾಯಿಂದ ಹೊರಡಲಿಲ್ಲ. ಅಲ್ಲ ಎನ್ನಬಹುದಿತ್ತು, ತಪ್ಪಾಯಿತು ಎನ್ನಬಹುದಿತ್ತು. ನಾನು ಹೇಳಿದ್ದು, "ಮುಂದೆ ರಾಡಾರ್ ಉಂಟು." ವೇಗ ಹಿಡಿಯುವ ಕ್ಯಾಮೆರಾ ಬರುತ್ತದೆಂದು ಕಾಲು ಸಡಿಲಿಸಿ, ಸ್ಪೀಡೋಮೀಟರನ್ನೇ ನೋಡುತ್ತಾ ಓಡಿಸಿದೆ. ರಾಡಾರೇನೋ ನಿಜವಾಗಿಯೂ ಇತ್ತು.

ಆ ಸಂಜೆ ಬನಿಯಾಸ್‌ನಲ್ಲಿ ಕಾರು ನಿಲ್ಲಿಸಿದಾಗ ಮೀರಾನ್ ಭಾಯ್ ಇರಲಿಲ್ಲ. 'ನಾನು ಬಸ್ಸಿನಲ್ಲಿ ಹೋದೆ, ಕಾಯಬೇಡಿ' ಎಂಬ ಸಂದೇಶ ಬಂತು. ಮರುದಿನ ಬೆಳಿಗ್ಗೆಯೂ ಹಾಗೆಯೇ. ಶೆಟ್ಟರು ಒಂದು ತಿಂಗಳು ನನ್ನೊಟ್ಟಿಗೆ ಬಂದರು. ನಾನು ಎಲ್ಲದಕ್ಕೂ ಒಪ್ಪುತ್ತಾ ಹೋದೆ, ಅವರು ಆಕಳಿಸುತ್ತಾ ಹೋದರು. "ನಿಮ್ಮ ಹತ್ರ ಜಗಳ ಮಾಡ್ಲಿಕ್ಕೇ ಆಗುದಿಲ್ಲ ಮಾರಾಯ್ರೆ," ಎಂದರು ಒಮ್ಮೆ, ಕಾಯಿಲೆಯವನನ್ನು ನೋಡುವಂತೆ ನೋಡಿ. ಮುಂದಿನ ವಾರ ಅವರದೇ ಕಾರು ತೆಗೆದರು. ಅದು ಬೆಳಿಗ್ಗೆ ಬರ್ಶಾದಿಂದ ಹಿಂದಕ್ಕೆ ಸತ್ವಾಕ್ಕೆ ಬಂದು, ನನ್ನ ಕಟ್ಟಡದ ಕೆಳಗೇ ಮೀರಾನ್ ಭಾಯ್ ಅವರನ್ನು ಹತ್ತಿಸಿಕೊಂಡು ಹೋಗುವುದನ್ನು ನಾನು ಬಾಲ್ಕನಿಯಿಂದ ಕಂಡೆ. ಬಾಗಿಲು ಮುಚ್ಚುವ ಮೊದಲೇ ವಾದ ಶುರುವಾಗಿತ್ತು. ಶೆಟ್ಟರ ಕೈ ಸ್ಟಿಯರಿಂಗ್ ಬಿಟ್ಟು ಗಾಳಿಯಲ್ಲಿ ಆಡುತ್ತಿತ್ತು. ಅಪಾಯ, ಎಂದುಕೊಂಡೆ.

ಇದನ್ನು ಬರೆಯುವಾಗ ವರ್ಷ ಮುಗಿಯುತ್ತಾ ಬಂದಿದೆ. ಬ್ರಿಟನ್ನಿಗೆ ಕೊಟ್ಟ ಗಡುವು ಮತ್ತೆ ಮುಂದೆ ಹೋಗಿದೆ, ಅದು ಇನ್ನೂ ಒಕ್ಕೂಟದೊಳಗೇ ಇದೆ. ಅಷ್ಟು ಜನ ಅಷ್ಟು ಕೂಗಾಡಿಯೂ ಹೊರಬರಲಾಗದೆ ಇರುವಾಗ, ಯಾರಿಗೂ ಎದುರಾಡದ ನಾನು ಒಂದು ಬೆಳಿಗ್ಗೆಯಲ್ಲಿ ಹೊರಬಂದುಬಿಟ್ಟಿದ್ದೆ.

ಕಳೆದ ಗುರುವಾರ ಸಂಜೆ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಟಯರಿಗೆ ಗಾಳಿ ತುಂಬುತ್ತಿದ್ದೆ. ಪಕ್ಕದಲ್ಲಿ ಶೆಟ್ಟರ ಕಾರು ಬಂದು ನಿಂತಿತು, ಒಳಗೆ ಮೀರಾನ್ ಭಾಯ್ ಕೂಡ ಇದ್ದರು.

"ಓಹೋ ರಾಯರು! ಮೀರಾನ್ ಭಾಯ್ ಅಜ್ಜ ಆದ್ರು, ಗೊತ್ತುಂಟಲ್ಲ?"

"ಹೌದೌದು," ಎಂದೆ. ಗೊತ್ತಿರಲಿಲ್ಲ.

ಶೆಟ್ಟರಿಗೆ ಹಳೆಯ ಉತ್ಸಾಹ ಬಂತು. ಕಿಟಕಿಯಿಂದ ಬೆರಳು ಚಾಚಿ, "ಹಾಗಾದ್ರೆ ಮೊಮ್ಮಗಳ ಹೆಸರು ಎಂತ, ಹೇಳಿ ನೋಡುವಾ?" ಎಂದರು.

ನಾನು ಗಾಳಿ ತುಂಬಿಯಾಗಿದ್ದ ಟಯರಿಗೇ ಮತ್ತೆ ಪೈಪು ಸಿಕ್ಕಿಸಿದೆ. ಮೀರಾನ್ ಭಾಯ್ ನನ್ನ ಮುಖ ನೋಡಿದರು. "ಬಿಡಿ ಶೆಟ್ರೇ, ಅದು ಹೊಸ ಪಾಠ, ರಾಯರ ಪುಸ್ತಕದಲ್ಲಿಲ್ಲ," ಎಂದು, ಫ್ಲಾಸ್ಕಿನ ಮುಚ್ಚಳದಲ್ಲಿ ಸುಲೈಮಾನಿ ಬಗ್ಗಿಸಿ ನನ್ನ ಕೈಗೆ ಕೊಟ್ಟರು. ಮೊದಲಿನಷ್ಟೇ ಬಿಸಿಯಿತ್ತು, ಲಿಂಬೆಯೂ ಅಷ್ಟೇ. ಹೆಸರೇನೆಂದು ಅಲ್ಲೇ ಕೇಳಿಬಿಡಬಹುದಿತ್ತು. ಆಗಲೇ ಹೌದೌದು ಎಂದಾಗಿತ್ತಲ್ಲ. ಮುಚ್ಚಳ ಹಿಂದಕ್ಕೆ ಕೊಟ್ಟೆ, ಅವರು ಹೋದರು.

ಆಮೇಲೆ ಮಂಜಿರಲಿಲ್ಲ, ಒಂಟೆಯೂ ಬರಲಿಲ್ಲ. ನಾಲ್ಕೂ ಟಯರಿನಲ್ಲಿ ಗಾಳಿ ಸರಿಯಾಗಿತ್ತು, ಹೆಡ್ಡಾಫೀಸು ಲಂಡನ್ನಿನಲ್ಲಿ ಗಟ್ಟಿಯಾಗಿಯೇ ನಿಂತಿತ್ತು. ಆದದ್ದು ಇಷ್ಟೇ: ದಾರಿಯಲ್ಲಿ ಪೊಲೀಸರು ತಡೆದು, ಮೀರಾನ್ ಭಾಯ್ ಅವರ ಮೊಮ್ಮಗಳ ಹೆಸರೇನು ಎಂದು ಕೇಳಿದ್ದರೆ, ನನಗೆ ಗೊತ್ತಿರಲಿಲ್ಲ.