ಯಾವ ಹಿಂಡಿನ ಚುಕ್ಕಿ

ಜರ್ಮನಿಗೆ ಬಂದ ಮೊದಲ ಚಳಿಗಾಲ. ಸಂಜೆ ನಾಲ್ಕೂವರೆಗೇ ಹೊರಗೆ ಕಗ್ಗತ್ತಲು. ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಅಕ್ಕ ಕುರಿ ಕರೆಯುವ ದನಿ ಕೇಳಿಸಿತು. ಕೈಯಲ್ಲಿದ್ದ ಲೋಟ ಬಿತ್ತು. ಅಕ್ಕ ಮೈಲಮ್ಮ ಗುಡೇಕೋಟೆಯ ಅಡವಿಯಲ್ಲಿ ಕುರಿ ಕಾಯುವಾಗ ಹಾವು ಕಡಿದು ತೀರಿಕೊಂಡಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ.

ಹೆದರಿದೆಯಾ ಅಂತ ಕೇಳಬೇಡಿ. ಖುಷಿಯಾಯಿತು. ಈ ಊರಿನಲ್ಲಿ ನನ್ನನ್ನು ಕರೆಯುವವರು ಬೇರೆ ಯಾರಿದ್ದರು? ಫೋನಿನಲ್ಲಿ ಅವ್ವನಿಗೂ ಹೇಳಿಬಿಟ್ಟೆ, 'ಅಕ್ಕ ಇಲ್ಲೇ ಅದಾಳ ಯವ್ವಾ, ದಿನಾ ಸಂಜಿಕೆ ಬರತಾಳ' ಅಂತ.

ನಮ್ಮ ಕಡೆ ಸದ್ದಿಲ್ಲದ ಮನೆ ಎಂದರೆ ಸಾವಿನ ಮನೆ. ಇಲ್ಲಿ ಸದ್ದಿಲ್ಲದಿರುವುದಕ್ಕೆ 'ರೂಹೆ' ಎನ್ನುತ್ತಾರೆ, ಭಾನುವಾರ ಅದು ಕಡ್ಡಾಯ. ಗೊತ್ತಿಲ್ಲದೆ ಒಂದು ಭಾನುವಾರ ಜೋಳದ ರೊಟ್ಟಿ ಬಡಿಯಲು ನಿಂತೆ. ಕೆಳಮನೆಯ ಮುದುಕಿ ಹೆಲ್ಗಾ ಬಂದು ದಬದಬ ಬಾಗಿಲು ತಟ್ಟಿ, 'ರೂಹೆ, ರೂಹೆ!' ಎಂದಳು. ಏನು ಮಾಡಲಿ? ಬಿಸಿ ರೊಟ್ಟಿ ಒಂದನ್ನು ಕೈಗಿಟ್ಟೆ. ಮುಂದಿನ ಶನಿವಾರ ತಾನೇ ತಟ್ಟೆ ಹಿಡಿದು ಬಂದಳು!

ಖಗೋಳ ಸಂಶೋಧನೆಯ ನನ್ನ ಕೆಲಸವೂ ಸತ್ತವರದೇ. ದೂರದ ಗೆಲಾಕ್ಸಿಗಳಲ್ಲಿ ಮುದಿ ನಕ್ಷತ್ರಗಳು ರೊಪ್ಪದೊಳಗಿನ ಕುರಿಗಳಂತೆ ಒತ್ತಾಗಿ ಗುಂಪುಗೂಡಿರುತ್ತವೆ. ಅಂಥ ಕೆಲವು ಗುಂಪುಗಳೊಳಗೆ ಒಂದು ಚುಕ್ಕಿ ಎಕ್ಸ್-ರೇ ಬೆಳಕಿನಲ್ಲಿ ಧಗಧಗ ಉರಿಯುತ್ತದೆ. ಅಲ್ಲಿ ಸತ್ತ ನಕ್ಷತ್ರವೊಂದು ಪಕ್ಕದ ಬದುಕಿರುವ ನಕ್ಷತ್ರವನ್ನು ತನ್ನೆಡೆಗೆ ಎಳೆದುಕೊಳ್ಳುತ್ತಿರುತ್ತದೆ. ಹಾಗೆ ಬೀಳುವ ಅನಿಲ ಕಾದು ಕಾದು ಬೆಳಕಾಗುತ್ತದೆ. ಇದನ್ನು ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತ್ತು. ನನ್ನ ಪಾಲಿಗೆ ಬಂದ ಚುಕ್ಕಿಗೆ ಗುಟ್ಟಾಗಿ, ಅಕ್ಕನನ್ನು ನೆನೆದು, ಮೈಲಿ ಎಂದು ಹೆಸರಿಟ್ಟೆ.

ತೊಡಕೆಂದರೆ, ಮೈಲಿ ನಿಜಕ್ಕೂ ಆ ಗುಂಪಿನದೇ, ಇಲ್ಲಾ ಎಷ್ಟೋ ದೂರ ಹಿಂದಿದ್ದು ಗುಂಪಿನೊಳಗೆ ಇರುವಂತೆ ಕಾಣುತ್ತಿದೆಯೇ ಎಂಬುದು. ಹಳ್ಳದಲ್ಲಿ ನೀರಿಗೆ ಬಂದ ಎರಡು ಹಿಂಡು ಕಲೆತಾಗ ನಾನು ಕಂಡವರ ಕುರಿಯನ್ನೆಲ್ಲ ನಮ್ಮದೆಂದು ತಬ್ಬುತ್ತಿದ್ದೆ. ಅಕ್ಕ ನಗುತ್ತಿದ್ದಳು: 'ನಿಂತಾಗ ಎಲ್ಲಾವೂ ನಮ್ಮವೇ ಕಾಣತಾವಲೇ ಹುಚ್ಚಿ. ನಡೀಲಿ, ಗೊತ್ತಾಗತೈತಿ.' ಇಲ್ಲಿಯೂ ಅಷ್ಟೇ. ಮೈಲಿಯ ಬೆಳಕಿನಿಂದ ಅದು ನಡೆಯುವ ವೇಗ ಅಳೆಯಬೇಕು. ಮರುವರ್ಷ ದೀಪಾವಳಿಯ ವಾರ ಉತ್ತರ ಬಂತು. ಗುಂಪಿನ ಜೊತೆಗೇ ನಡೆಯುತ್ತಿತ್ತು. ಜೊತೆಯಲ್ಲಿ ಕೆಲಸ ಮಾಡುವ ಯೋನಾಸ್ ಕುಣಿದಾಡಿದ. ನಾನೂ ನಕ್ಕೆ.

ಹಬ್ಬದ ಅಮಾವಾಸ್ಯೆಗೆ, ತೀರಿಕೊಂಡವರಿಗೆ ಎಡೆ ಇಡುವುದು ನಿಮಗೆ ಗೊತ್ತೇ ಇದೆ. ಅಕ್ಕನಿಗೆ ಇಷ್ಟವಾದ ರೊಟ್ಟಿ, ಪುಂಡಿಪಲ್ಯ ಅವ್ವ ಒಂದು ವರ್ಷವೂ ತಪ್ಪಿಸಿದವಳಲ್ಲ. ಫೋನು ಮಾಡಿ ಕೇಳಿದೆ, 'ಅಕ್ಕಗ ಎಡಿ ಇಟ್ಟ್ಯಾ?'

'ಇಟ್ಟಿಲ್ಲವ್ವ. ನಿನ್ನ ಹಂತ್ಯಾಕ ಬಂದಾಳ ಅಂದಿದ್ಯಲ್ಲ, ಅಲ್ಲೇ ಇಡು. ಎರಡು ಕಡಿ ಇಟ್ರ ಪಾಪ, ಅಕಿ ಎಲ್ಲಿಗಂತ ಹೋಗಬೇಕು?'

ಆಮೇಲೆ ಮೆಲ್ಲಗೆ, 'ನನಗರ ಇಲ್ಲಿ ಮಂದಿ ಅದಾರ. ನೀನು ಒಬ್ಬಾಕಿ ಅದಿ' ಎಂದಳು.

ಎದುರಿಗೆ ಮೇಜಿನ ಮೇಲೆ ಅಕ್ಕನಿಗೆಂದು ನಾನು ಬಡಿಸಿಟ್ಟಿದ್ದ ತಟ್ಟೆ ಇತ್ತು. ಹುಟ್ಟಿ, ಕುರಿ ಕಾಯ್ದು, ಮಣ್ಣಾದ ಊರು ಬಿಟ್ಟು ಅವಳು ಇಲ್ಲಿಗೆ ಯಾಕೆ ಬರಬೇಕು? ನನ್ನ ಒಂಟಿತನಕ್ಕೆ ಅವಳನ್ನು ಎಳೆದುಕೊಂಡಿದ್ದು ನಾನೇ.

'ಸುಳ್ಳ ಹೇಳಿದ್ನಿ ಯವ್ವಾ. ಅಕ್ಕ ಇಲ್ಲಿಗೆ ಬಂದೇ ಇಲ್ಲ. ಅಲ್ಲೇ ಅದಾಳ. ಎಡಿ ಇಡು.'

'ಖರೇನಾ?'

'ಖರೇ ಅಂದ್ರ ಖರೇ.'

ಅವ್ವ ಫೋನು ಇಡುವುದನ್ನೂ ಮರೆತು ಒಳಗೆ ಓಡಿದಳು. ಪಾತ್ರೆಗಳ ಸದ್ದು ಕೇಳಿಸಿತು. ಕೇಳುತ್ತಾ ಕೂತು ಅತ್ತುಬಿಟ್ಟೆ.

ಅಂದಿನಿಂದ ನನ್ನ ಅಡುಗೆಕೋಣೆಯಲ್ಲಿ ರೂಹೆ. ನಾಲ್ಕೂವರೆಯಾದರೆ ಒಲೆ ಆರಿಸಿ ಕಿವಿಗೊಡುತ್ತೇನೆ. ಏನೂ ಇಲ್ಲ. ಭಾನುವಾರ ಮಾತ್ರ ಬೇಕೆಂದೇ ಜೋರಾಗಿ ರೊಟ್ಟಿ ಬಡಿಯುತ್ತೇನೆ, ಯಾರಾದರೂ ಬಂದು ಬಾಗಿಲು ತಟ್ಟಲಿ ಅಂತ.