ಚಕ್ಕುಬಂದಿ ತಪ್ಪಿದ ಬಾಣ

ಲಕ್ವಾ ಹೊಡೆದು ನನ್ನ ಬಲಗೈ ಬಿದ್ದುಹೋದ ಮೇಲೆ ಏಳು ತಿಂಗಳು ಹಾನಗಲ್ಲಿನ ಅಂಗಡಿಯ ಕದ ತೆರೆದಿರಲಿಲ್ಲ. ಹೊಲ-ಮನೆಯ ಪತ್ರ ಬರೆದುಕೊಡುವುದು ನನ್ನ ಕೆಲಸ. ಮೊದಲು ಪೆನ್ನಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ, ಒಟ್ಟು ಮೂವತ್ತು ವರ್ಷ.

ಅಕ್ಷರ ಹೊಡೆಯಲು ಎಡಗೈ ಸಾಕು. ತೊಂದರೆ ಮೌಸಿನದು. ಗುಂಡಿ ಒತ್ತು ಎಂದರೆ ಎಡಗೈ ಒತ್ತುತ್ತದೆ, ಮೌಸ್ ಹಿಡಿ ಎಂದರೆ ನಡುಗುತ್ತದೆ. ಪರದೆಯ ಮೇಲಿನ ಬಾಣ ಕಣ್ಣಿ ಬಿಚ್ಚಿಕೊಂಡ ಕರುವಿನಂತೆ ಓಡಾಡುತ್ತದೆ.

ಸವಣೂರಿನಲ್ಲಿ ಕಂಪ್ಯೂಟರ್ ಕಲಿಸುವ ತಂಗಿ ಒಂದು ಭಾನುವಾರ ಮನೆಗೆ ಬಂದಳು. ಅಂಗಡಿಯಿಂದ ತಂದಿಟ್ಟಿದ್ದ ನನ್ನ ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ಏನನ್ನೋ ಚಾಲೂ ಮಾಡಿದಳು. ಇನ್ನು ಮೌಸ್ ಬೇಡ, ಅಂಕಿಯ ಗುಂಡಿಗಳಿಂದಲೇ ಬಾಣ ಸರಿಯುತ್ತದೆ, ಐದು ಒತ್ತಿದರೆ ಕ್ಲಿಕ್ ಆಗುತ್ತದೆ. ಅಂಕಿಗಳಷ್ಟೇ ಇರುವ ಪುಟ್ಟ ಕೀಬೋರ್ಡ್ ಒಂದನ್ನೂ ತಂದಿದ್ದಳು.

"ಚಕ್ಕುಬಂದಿ ಇದ್ದಂಗ ತಿಳ್ಕೊ ಅಣ್ಣಾ," ಅಂದಳು. "ಎಂಟು ಉತ್ತರ, ಎರಡು ದಕ್ಷಿಣ, ಆರು ಪೂರ್ವ, ನಾಲ್ಕು ಪಶ್ಚಿಮ. ಪತ್ರ ಬರಿಯಾಂವಗ ಇದನ್ನೇನ ಕಲಸೋದೈತಿ?"

ಮಾತು ಖರೆ. ಹೊಲದ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುವ ಚಕ್ಕುಬಂದಿ ನನಗೆ ನಿದ್ದೆಯಲ್ಲೂ ಬರುತ್ತದೆ. ಅವಳು ಒತ್ತಿ ತೋರಿಸಿದಳು, ನಾನು ತಲೆಯಾಡಿಸಿದೆ, ಅವಳು ಬಸ್ ಹತ್ತಿದಳು.

ಮರುದಿನ ಅಂಗಡಿ ತೆರೆದೆ. ಮನಸ್ಸಿನಲ್ಲೇ ಒಂದು ಕರಾರು ಮಾಡಿಕೊಂಡಿದ್ದೆ. ಮೊದಲ ಪತ್ರ ನಾನೇ ಮುಗಿಸಿದರೆ ಅಂಗಡಿ ಉಳಿಯಲಿ, ಆಗದಿದ್ದರೆ ಕೀಲಿಕೈಯನ್ನು ಮಾಲೀಕರಿಗೆ ಕೊಟ್ಟು ಮನೆಯಲ್ಲಿ ಕೂಡುವುದು.

ಬಂದವರು ಅಕ್ಕಿಆಲೂರು ಕಡೆಯ ಒಬ್ಬ ಹಿರಿಯ ಹೆಣ್ಣುಮಗಳು. ತಮ್ಮ ಹೊಲವನ್ನು ಮಗಳ ಹೆಸರಿಗೆ ಮಾಡಬೇಕಿತ್ತು. "ನಮ್ಮನಿಯವರ ಪತ್ರಾನೂ ನೀವ ಬರದದ್ದರಿ. ಬ್ಯಾರೆದವರ ಕಡೆ ಹೋಗಂಗಿಲ್ರಿ ನಾ," ಎಂದು ಬಾಕಿನ ಮೇಲೆ ಕುಳಿತರು.

ಬಾಣ ಪರದೆಯ ಬಲಕ್ಕೆ ಹೋಗಬೇಕಿತ್ತು. ಬಲಕ್ಕೆ ಎಂದರೆ ಬಸ್ ಸ್ಟ್ಯಾಂಡ್ ಕಡೆ, ಅಂದರೆ ದಕ್ಷಿಣ. ಎರಡು ಒತ್ತಿದೆ. ಬಾಣ ಕೆಳಗಿಳಿಯಿತು. ಮೇಲಕ್ಕೆ ಒಯ್ಯಬೇಕಿತ್ತು. ನನ್ನ ಮುಂದಿರುವುದು ಪೂರ್ವ ತಾನೆ, ಆರು ಒತ್ತಿದೆ. ಅದು ಬಲಕ್ಕೆ ಹೋಯಿತು.

ತಂಗಿಗೆ ಫೋನ್ ಮಾಡಿದೆ. "ವೇಗ ಜಾಸ್ತಿ ಆಗಿರಬೇಕು, ಕಮ್ಮಿ ಮಾಡು," ಅಂದಳು. ಹೇಗೋ ತಡಕಾಡಿ ಕಮ್ಮಿ ಮಾಡಿದೆ. ಬಾಣ ಈಗ ಬಲು ಸಾವಕಾಶವಾಗಿ ತಪ್ಪು ದಾರಿ ಹಿಡಿಯಿತು. ಹೆಚ್ಚು ಮಾಡಿದೆ. ಒಂದೇ ನೆಗೆತಕ್ಕೆ ಮೂಲೆ ಸೇರಿತು. ನಮ್ ಲಾಕ್ ಗುಂಡಿ ಒತ್ತಿ ನೋಡಿದೆ. ಬಾಣ ಸರಿಯುವ ಬದಲು ಹೆಸರು ಬರೆಯುವ ಖಾನೆಯಲ್ಲಿ 2222 ಎಂದು ಅಂಕಿಗಳು ಬಿದ್ದವು. ಮತ್ತೆ ಒತ್ತಿ ಮೊದಲಿನಂತೆ ಮಾಡಿದೆ.

"ಅಣ್ಣಾ, ಏನ ಮಾಡಾಕತ್ತಿ ನೀ?"

"ನೀ ಹೇಳಿದ್ದನ್ನ ಮಾಡಾಕತ್ತೇನಿ," ಎಂದು ಸಿಡುಕಿ ಫೋನ್ ಇಟ್ಟೆ. ಸಿಟ್ಟು ಅವಳ ಮೇಲಲ್ಲ. ಕೈಯ ಜೊತೆ ತಲೆಯೂ ಹೋಗಿದೆಯೇನೋ, ಯಾರೂ ನನಗೆ ಹೇಳಿಲ್ಲವೇನೋ ಎಂದು ಹೆದರಿದ್ದೆ. ದಿಕ್ಕುಗಳನ್ನೇ ಮರೆತವನು ಇನ್ನೇನು ಪತ್ರ ಬರೆದಾನು?

ಸುಮ್ಮನೆ ಕೂಡಲಾರದೆ ಹೊಲದ ಉತ್ತರಕ್ಕೆ ಏನಿದೆ ಎಂದು ಕೇಳಿದೆ. "ಉತ್ತರಕ್ಕ ಹಳ್ಳ ಐತ್ರಿ," ಎಂದು ಅವರು ಕೈ ಚಾಚಿದರು. ಕೈ ನನ್ನ ಎಡಗಡೆಯ ಗೋಡೆಯತ್ತ ಹೋಯಿತು. ನಾನು ಗೋಡೆ ನೋಡಿದೆ, ಪರದೆಯ ತಲೆ ನೋಡಿದೆ, ಮತ್ತೆ ಗೋಡೆ ನೋಡಿದೆ.

ತಂಗಿ ಹೇಳಿದ್ದು ನಕಾಶೆಯ ಉತ್ತರ, ಹಾಳೆಯ ಮೇಲ್ತುದಿಯದು. ನನಗೆ ಗೊತ್ತಿದ್ದದ್ದು ಅಂಗಡಿಯ ಉತ್ತರ. ಪತ್ರ ಬರೆಯುವವನ ಮುಖ ಪೂರ್ವಕ್ಕಿರಬೇಕೆಂದು ಅಪ್ಪ ಈ ಮೇಜು ಹಾಕಿದ್ದ. ಮೂವತ್ತು ವರ್ಷ ಅದರ ಮುಂದೆ ಕುಳಿತ ಮೈಗೆ ಮುಂದಿದ್ದದ್ದೇ ಪೂರ್ವವಾಗಿತ್ತು. ತಲೆ ಕೆಟ್ಟಿರಲಿಲ್ಲ. ಅಳು ಬರುವಷ್ಟು ಸಮಾಧಾನವಾಯಿತು.

"ಅವ್ವಾರ, ಈ ಮೇಜಿಗೆ ಒಂದಿಷ್ಟು ಕೈ ಹಚ್ಚತೀರೇನ್ರಿ? ಉತ್ತರಕ್ಕ ತಿರುವಬೇಕ್ರಿ."

ಅವರು ಸೆರಗು ಸಿಕ್ಕಿಸಿಕೊಂಡು ಒಂದು ತುದಿ ಹಿಡಿದರು. ಅಪ್ಪನ ಮೇಜು ಕಿರುಗುಡುತ್ತ ತಿರುಗಿತು. ಕುಳಿತು ಆರು ಒತ್ತಿದೆ. ಬಾಣ ಪೂರ್ವಕ್ಕೆ ಹೋಯಿತು, ನನ್ನ ಪೂರ್ವಕ್ಕೆ.

ಪತ್ರ ಮುಗಿಯಲು ಸಂಜೆಯಾಯಿತು. ಕೀಲಿಕೈ ನನ್ನ ಕಿಸೆಯಲ್ಲೇ ಉಳಿಯಿತು. ಆದರೆ ಈಗಲೂ ನೆನಪಾಗುವುದು ಆ ನಡುವಿನ ಒಂದು ಗಳಿಗೆ.

"ಪೂರ್ವಕ್ಕ ಏನೈತ್ರಿ?" ಎಂದು ಕೇಳಿದೆ. ಕೇಳುವಾಗ ಬಲಗೈ ಎತ್ತಿ ಆ ದಿಕ್ಕು ತೋರಿಸುವುದು ನನ್ನ ಹಳೆಯ ಚಾಳಿ. ಕೈ ಏಳಲಿಲ್ಲ. ಮೇಜಿನ ಬಲತುದಿಯಲ್ಲಿ ಬಿದ್ದಲ್ಲೇ ಬಿದ್ದಿತ್ತು. ಅವರು ಅದರ ಬೆರಳುಗಳನ್ನು ನೋಡಿದರು, ಅವು ಚಾಚಿದ್ದ ಬಲಗಡೆಗೆ ತಿರುಗಿ ನೋಡಿದರು.

"ಹೌದ್ರಿ, ಆ ಕಡೇನ," ಅಂದರು. "ನಮ್ಮ ಭಾವನೋರ ಹೊಲ ಐತ್ರಿ."